ವರ್ಷಾಂತ್ಯದ ‘ಟಾಪ್ ಟೆನ್’: ಒಂದು ತಾತ್ವಿಕ ಮುಖಾಮುಖಿ

1. ಪ್ರಸ್ತಾವನೆ

ವರ್ಷಾಂತ್ಯದ ಪಟ್ಟಿಯೆಂಬುದು ಬರೀ ಪಟ್ಟಿಯಲ್ಲ, ಅದೊಂದು ಪಠ್ಯ. ಪಠ್ಯವೆಂದ ಮೇಲೆ ಅದಕ್ಕೊಂದು ಒಡಲಾಳವಿರುತ್ತದೆ, ಒಡಲಾಳವಿದ್ದಲ್ಲಿ ಬಿಕ್ಕಟ್ಟುಗಳಿರುತ್ತವೆ, ಬಿಕ್ಕಟ್ಟುಗಳಿದ್ದಲ್ಲಿ ಅವುಗಳೊಡನೆ ಅನುಸಂಧಾನ ನಡೆಸಲು ಒಬ್ಬ ಪ್ರಬಂಧಕಾರ ಹಾಜರಿರಲೇಬೇಕಾಗುತ್ತದೆ. ಪ್ರಸ್ತುತ ಪ್ರಬಂಧವು ಡಿಸೆಂಬರ್ ತಿಂಗಳಿನಲ್ಲಿ ಕನ್ನಡನಾಡಿನ ಉದ್ದಗಲಕ್ಕೂ ಕಾಣಿಸಿಕೊಳ್ಳುವ ‘ವರ್ಷದ ಹತ್ತು ಅತ್ಯುತ್ತಮ ಚಿತ್ರಗಳು: ನನ್ನ ವೈಯಕ್ತಿಕ ಆಯ್ಕೆ’ ಎಂಬ ಸಾಂಸ್ಕೃತಿಕ ವಿದ್ಯಮಾನವನ್ನು ದೇಸಿ–ಮಾರ್ಗ, ಕೇಂದ್ರ–ಅಂಚು, ಬಾಲ್ಕನಿ–ಗಾಂಧಿಕ್ಲಾಸ್ ಎಂಬ ದ್ವಂದ್ವಮಾನಗಳ ನೆಲೆಯಲ್ಲಿ ಮುಖಾಮುಖಿಯಾಗಿಸಿ, ಆ ಮೂಲಕ ಅಭಿರುಚಿಯ ಯಜಮಾನಿಕೆಯ ಸಂಕಥನಗಳನ್ನು ನಿರಚನೆಗೊಳಪಡಿಸುವ ಒಂದು ವಿನಮ್ರ ಪ್ರಯತ್ನವಾಗಿದೆ.

ಮೇಲಿನ ವಾಕ್ಯ ಅರ್ಥವಾಗದವರು ಗಾಬರಿ ಬೀಳಬೇಕಿಲ್ಲ. ಇಂಥ ವಾಕ್ಯಗಳನ್ನು ವಿಚಾರ ಸಂಕಿರಣವೊಂದರಲ್ಲಿ ಬೆಳಗಿನ ಉಪ್ಪಿಟ್ಟಿನಿಂದ ಮಧ್ಯಾಹ್ನದ ಊಟದವರೆಗೆ ಕೂತು ಕೇಳಿದ್ದೇನೆ. ಕೊನೆಯಲ್ಲಿ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದರು. ಒಬ್ಬರು ಎದ್ದು ಓಓಡಿ (ಅನ್ಯ ಕರ್ತವ್ಯದ) ಪ್ರಮಾಣಪತ್ರ ಎಲ್ಲಿ ಕೊಡುತ್ತಾರೆ ಎಂದು ಕೇಳಿದರು.

2. ಪೂರ್ವಸೂರಿಗಳ ಸಮೀಕ್ಷೆ

ಪಟ್ಟಿ ಮಾಡುವ ಚಟ ಈ ನೆಲಕ್ಕೆ ಹೊಸದಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ರಸಗಳನ್ನು ಎಣಿಸಿ ಎಂಟಕ್ಕೆ ನಿಲ್ಲಿಸಿದ. ಶಾಂತರಸ ಒಂಬತ್ತನೆಯದಾಗಿ ಒಳಗೆ ಬರಲು ಶತಮಾನಗಳೇ ಹಿಡಿದವು. ಅದರ ಪರ ವಾದಿಸಲು ಕಾಶ್ಮೀರದ ಅಭಿನವಗುಪ್ತನಂಥ ಘಟಾನುಘಟಿಯೇ ಬರಬೇಕಾಯಿತು. ಇಂದಿನ ಪಟ್ಟಿಗಳ ತಳದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುವ ‘ವಿಶೇಷ ಉಲ್ಲೇಖ’ ಎಂಬ ವಿಭಾಗದ ತಾತ್ವಿಕ ಬೇರು ಇಲ್ಲಿದೆ ಎಂದು ಪ್ರಸ್ತುತ ಪ್ರಬಂಧವು ಯಾವ ಆಧಾರವೂ ಇಲ್ಲದೆ ಪ್ರತಿಪಾದಿಸುತ್ತದೆ.

ಕನ್ನಡದಲ್ಲಿ ಈ ಪ್ರಕಾರಕ್ಕೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಮೂಲಪುರುಷ. ಗದ್ಯ ವಿಭಾಗದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ವಿಭಾಗದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಎಣಿಸಿ ನೋಡಿ, ಹತ್ತಾಗುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ನೃಪತುಂಗನ ಆಸ್ಥಾನದಲ್ಲಿ ಈ ಗ್ರಂಥವನ್ನು ಬರೆದವನು ಶ್ರೀವಿಜಯನೇ ಎಂದು ಹಲವು ವಿದ್ವಾಂಸರ ಮತ. ಪಟ್ಟಿಯಲ್ಲಿರುವವನೂ ಅವನೇ ಆಗಿದ್ದರೆ, ಪಟ್ಟಿಕಾರ ತನ್ನ ಹೆಸರನ್ನೇ ಪಟ್ಟಿಗೆ ಸೇರಿಸಿಕೊಳ್ಳುವ ಪದ್ಧತಿಗೂ ನಮ್ಮಲ್ಲಿ ಸಾವಿರದ ನೂರು ವರ್ಷ ಮೀರಿದ ಪರಂಪರೆಯಿದೆ ಎಂದು ಎದೆತಟ್ಟಿ ಹೇಳಬಹುದು.

3. ‘ವರ್ಷ’ ಎಂಬ ಪರಿಕಲ್ಪನೆಯ ಸಮಸ್ಯಾತ್ಮಕ ನೆಲೆಗಳು

‘ವರ್ಷದ ಅತ್ಯುತ್ತಮ’ ಎಂದಾಗ ಯಾವ ವರ್ಷ? ವಿದ್ವತ್ ವಲಯ ಈ ಪ್ರಶ್ನೆಯನ್ನು ಇದುವರೆಗೆ ಎತ್ತಿಲ್ಲದಿರುವುದು ಪ್ರಸ್ತುತ ಪ್ರಬಂಧಕಾರನ ಪುಣ್ಯ.

ಪಟ್ಟಿಕಾರನ ವರ್ಷಕ್ಕೆ ಹನ್ನೊಂದೂಕಾಲು ತಿಂಗಳು. ಡಿಸೆಂಬರ್ ಎರಡನೇ ವಾರಕ್ಕೆ ಅವನ ಆತ್ಮಸಾಕ್ಷಿ ಬಾಗಿಲು ಹಾಕಿಕೊಳ್ಳುತ್ತದೆ, ಕಾಪಿ ಕೊಡಬೇಕಲ್ಲ. ಇದರಿಂದ ಹುಟ್ಟಿದ ವರ್ಗವನ್ನು ಇನ್ನು ಮುಂದೆ ‘ಡಿಸೆಂಬರ್ ಅನಾಥರು’ ಎಂದು ಕರೆಯೋಣ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ 29ರಂದು. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರಂದು. ‘ಕಾಟೇರ’ 2023ರ ಡಿಸೆಂಬರ್ 29ರಂದು. ಅಂದರೆ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷ ದಾಟಿ ಓಡಿದ ‘ಮುಂಗಾರು ಮಳೆ’ ತಾನು ಹುಟ್ಟಿದ ವರ್ಷದಲ್ಲಿ ಬದುಕಿದ್ದು ಮೂರೇ ದಿನ. ಆ ವರ್ಷದ ಪಟ್ಟಿ ಅಷ್ಟರಲ್ಲಿ ಅಚ್ಚಾಗಿಬಿಟ್ಟಿರುತ್ತದೆ. ಮುಂದಿನ ವರ್ಷದ ಪಟ್ಟಿಗೆ ಅದು ‘ಹೋದ ವರ್ಷದ್ದು’. ನಾಡಿನ ಜನರೆಲ್ಲ ಹಾಡು ಗುನುಗುತ್ತಿದ್ದರೂ ಪಟ್ಟಿಶಾಸ್ತ್ರದ ಕಟ್ಟುನಿಟ್ಟಿನ ಪ್ರಕಾರ ಅಂಥ ಚಿತ್ರ ಹುಟ್ಟಿಯೇ ಇಲ್ಲ.

ಎರಡನೆಯ ವರ್ಗ, ‘ದ್ವಿಜ ಚಿತ್ರಗಳು’. ಇವು ಮೊದಲ ಸಲ ಚಿತ್ರೋತ್ಸವದಲ್ಲಿ, ಎರಡನೆಯ ಸಲ ಚಿತ್ರಮಂದಿರದಲ್ಲಿ ಹುಟ್ಟುತ್ತವೆ. ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲೇ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸಬರ ವಿಭಾಗದ ಪ್ರಶಸ್ತಿ ಗೆದ್ದಿತು. ನಮ್ಮೂರ ಥಿಯೇಟರಿಗೆ ಬಂದದ್ದು 2024ರ ಜೂನ್‌ನಲ್ಲಿ. ಪೃಥ್ವಿ ಕೊಣನೂರರ ‘ಪಿಂಕಿ ಎಲ್ಲಿ?’ ಬೂಸಾನ್ ಕಂಡದ್ದು 2020ರಲ್ಲಿ, ಗಾಂಧಿನಗರ ಕಂಡದ್ದು 2023ರಲ್ಲಿ. ಶಿವಮ್ಮನಂಥ ಕೊಪ್ಪಳ ಜಿಲ್ಲೆಯ ಹಳ್ಳಿಯ ಹೆಣ್ಣುಮಗಳು ಕೊರಿಯಾ ಮುಟ್ಟುವುದಕ್ಕಿಂತ ಬೆಂಗಳೂರಿನ ಪರದೆ ಮುಟ್ಟುವುದು ಕಷ್ಟ ಎಂಬ ಭೌಗೋಳಿಕ ಸತ್ಯ ಇದರಿಂದ ಸಾಬೀತಾಗುತ್ತದೆ.

ಇನ್ನು ಪ್ರಭುತ್ವದ ವರ್ಷವೇ ಬೇರೆ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟನೆಂದು ಆಯ್ಕೆಯಾದ ಸುದೀಪ್, ನಾನು ಪ್ರಶಸ್ತಿ ತೆಗೆದುಕೊಳ್ಳುವುದನ್ನು ನಿಲ್ಲಿಸಿ ವರ್ಷಗಳಾದವು, ಬೇರೆ ಅರ್ಹರಿಗೆ ಕೊಡಿ ಎಂದುಬಿಟ್ಟರು. ಐದು ವರ್ಷ ತೂಗಿ ನೋಡಿ ಆರಿಸಿದ ಮೇಲೂ ಹೀಗೆ.

ಸಿನಿಮಾದ ಆಚೆಗೆ ನೋಡಿದರೆ, ಕರಾವಳಿಯ ಯಕ್ಷಗಾನ ಮೇಳಗಳ ವರ್ಷ ದೀಪಾವಳಿಯ ಆಜುಬಾಜಿಗೆ ಶುರುವಾಗಿ ಮೇ ತಿಂಗಳ ಪತ್ತನಾಜೆಗೆ ಮುಗಿಯುತ್ತದೆ. ಅವರಿಗೆ ಡಿಸೆಂಬರ್ ಎಂದರೆ ತಿರುಗಾಟ ಆಗಷ್ಟೇ ಕಾವೇರುವ ಕಾಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟು ಹಾಕುವುದು ಬನದ ಹುಣ್ಣಿಮೆಗೆ, ಅಂದರೆ ಪಟ್ಟಿ ಅಚ್ಚಾಗಿ ರದ್ದಿಗೆ ಹೋದ ಮೇಲೆ. ಮಂಡ್ಯ, ತುಮಕೂರು ಕಡೆ ಹಾರ್ಮೋನಿಯಂ ಮೇಷ್ಟ್ರನ್ನು ಹಿಡಿದು ತಿಂಗಳುಗಟ್ಟಲೆ ತಾಲೀಮು ಮಾಡಿ, ಬಾಡಿಗೆ ಕಿರೀಟ ತಂದು ರಾತ್ರಿಯಿಡೀ ಆಡುವ ‘ಕುರುಕ್ಷೇತ್ರ’ವಂತೂ ಯಾವ ಪಟ್ಟಿಗೂ ಸೇರುವ ಹಾಗಿಲ್ಲ. ಅದರಲ್ಲಿ ದುರ್ಯೋಧನನ ಪಾತ್ರ ಸಿಕ್ಕುವುದು ಹೆಚ್ಚು ದುಡ್ಡು ಹಾಕಿದವರಿಗೆ. ಇಷ್ಟು ನೇರವಾದ ವ್ಯವಹಾರ ಮನರಂಜನೆಯ ಬೇರೆ ಯಾವ ಕ್ಷೇತ್ರದಲ್ಲೂ ನಾನು ಕಂಡಿಲ್ಲ.

4. ಪಟ್ಟಿಗಳ ವರ್ಗೀಕರಣ

(ಅ) ದಿಗ್ವಿಜಯ ಪಟ್ಟಿ. ಒಂದು ಇರಾನಿ, ಒಂದು ಕೊರಿಯನ್, ಒಂದು ಫ್ರೆಂಚ್, ಎರಡು ಮಲಯಾಳಂ, ಒಂದು ಯಾವ ದೇಶದ್ದೆಂದು ಪಟ್ಟಿಕಾರನಿಗೂ ಖಾತ್ರಿಯಿಲ್ಲದ್ದು. ಒಂಬತ್ತನೆಯ ಸ್ಥಾನದಲ್ಲಿ ಒಂದು ಕನ್ನಡ ಸಿನಿಮಾ. ಮೂರನೆಯದೂ ಅಲ್ಲ, ಹತ್ತನೆಯದೂ ಅಲ್ಲ, ಒಂಬತ್ತೇ. ಹತ್ತಕ್ಕೆ ಇಟ್ಟರೆ ತಿರಸ್ಕಾರ ಎದ್ದು ಕಾಣುತ್ತದೆ.

(ಆ) ಖಜಾನೆ ಪಟ್ಟಿ. ಇದು ಕೋಟಿಗಳ ಲೆಕ್ಕದಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕೋಟಿಗಳ ಆಕರ, ನಿರ್ಮಾಪಕರೇ ಬಿಡಿಸಿದ ಪೋಸ್ಟರು. ‘ಕೆಜಿಎಫ್ 2’ ಮತ್ತು ‘ಕಾಂತಾರ’ ಒಟ್ಟಿಗೆ ಬಂದ 2022 ಈ ಪಂಥದ ಸುವರ್ಣಯುಗ; ಆ ವರ್ಷ ಪಟ್ಟಿ ಬರೆಯಲು ಸಿನಿಮಾ ನೋಡುವ ಅಗತ್ಯವೇ ಇರಲಿಲ್ಲ.

(ಇ) ಕರುಣಾ ಪಟ್ಟಿ. ‘ನಿಮ್ಮ ಗಮನಕ್ಕೆ ಬಾರದೇ ಹೋದ ಹತ್ತು ಚಿತ್ರಗಳು’. ಇದರ ಉಪವರ್ಗಗಳು ಮೂರು: ನೋಡಿ ಬರೆದದ್ದು, ಟ್ರೇಲರ್ ನೋಡಿ ಬರೆದದ್ದು, ಬೇರೆಯವರ ಪಟ್ಟಿ ನೋಡಿ ಬರೆದದ್ದು.

(ಈ), (ಉ), (ಊ) ವರ್ಗಗಳನ್ನು ಕೈಬಿಡಲಾಗಿದೆ. (ಇ) ಬರೆಯುವಾಗಲೇ ಪ್ರಬಂಧಕಾರನಿಗೆ ಸಿಟ್ಟು ಬಂದಿರುವುದರಿಂದ ಅನುಸಂಧಾನ ಇಲ್ಲಿಗೆ ಸಾಕು.

ನಿಮ್ಮ ಗಮನಕ್ಕೆ ಬಾರದೇ ಹೋದ ಅಂತೀರಲ್ಲ ಸ್ವಾಮಿ, ಗಮನಕ್ಕೆ ತರುವುದು ಯಾರ ಕೆಲಸವಾಗಿತ್ತು? 2024ರ ಮೊದಲರ್ಧ ನೆನಪು ಮಾಡಿಕೊಳ್ಳಿ. ಕನ್ನಡ ಸಿನಿಮಾ ಸತ್ತೇಹೋಯಿತು, ಥಿಯೇಟರಿಗೆ ಜನ ಬರುತ್ತಿಲ್ಲ, ಮಲಯಾಳಂ ನೋಡಿ ಕಲಿಯಿರಿ ಎಂದು ಬರೆದದ್ದೇ ಬರೆದದ್ದು. ಅದೇ ಹೊತ್ತಿನಲ್ಲಿ, ಫೆಬ್ರವರಿ 16ಕ್ಕೆ ‘ಶಾಖಾಹಾರಿ’ ಬಂತು. ಮಲೆನಾಡಿನ ಒಂದು ಸಣ್ಣ ಹೋಟೆಲು, ಅದರ ಸುಬ್ಬಣ್ಣನಾಗಿ ರಂಗಾಯಣ ರಘು. ಆ ಮನುಷ್ಯನನ್ನು ಬರೀ ಕೂಗಾಡಿಸಿ ಖರ್ಚು ಮಾಡಿದ್ದ ಚಿತ್ರರಂಗ, ಅವರು ಸುಮ್ಮನೆ ನಿಂತರೂ ಎದೆ ನಡುಗಿಸಬಲ್ಲರು ಎಂದು ಕಂಡುಕೊಂಡ ಸಿನಿಮಾ. ಮಾರ್ಚ್ 8ಕ್ಕೆ ‘ಬ್ಲಿಂಕ್’. ಮಾರ್ಚ್ 15ಕ್ಕೆ ಒಂದೇ ದಿನ ‘ಫೋಟೋ’ ಮತ್ತು ‘ಕೆರೆಬೇಟೆ’. ಒಂದು, ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆ ಹೊತ್ತ ರಾಯಚೂರು ಸೀಮೆಯ ಹುಡುಗ ಲಾಕ್‌ಡೌನಿನಲ್ಲಿ ಸಿಕ್ಕಿಕೊಳ್ಳುವ ಕಥೆ. ಇನ್ನೊಂದು, ಕೆರೆಗಿಳಿದು ಒಟ್ಟಾಗಿ ಮೀನು ಹಿಡಿಯುವ ಮಲೆನಾಡಿನ ಪದ್ಧತಿಯನ್ನೇ ಹೆಸರಾಗಿಸಿಕೊಂಡದ್ದು. ಅದು ಮಾರ್ಚ್, ಪರೀಕ್ಷೆಯ ಕಾಲ, ಮನೆಗಳಲ್ಲಿ ಟೀವಿಯ ಕೇಬಲ್ಲನ್ನೇ ಕಿತ್ತಿಟ್ಟಿರುತ್ತಾರೆ. ಆ ವಾರ ಎರಡು ಸಾಲು ಬೇಕಿತ್ತು. ಹತ್ತು ಪುಟ ಬೇಡ, ‘ಚೆನ್ನಾಗಿದೆ, ಹೋಗಿ’ ಎಂದು ಎರಡೇ ಸಾಲು. ಬಂದದ್ದು ಡಿಸೆಂಬರಿನಲ್ಲಿ.

ಸಣ್ಣ ಸಿನಿಮಾದ ಆಯುಷ್ಯ ಹೇಗೆ ನಿಗದಿಯಾಗುತ್ತದೆಂದು ಗೊತ್ತಿರುವವರು ಹೀಗೆ ಮಾಡಲಾರರು. ಶುಕ್ರವಾರ ಬಿಡುಗಡೆ. ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದು ಬೆಳಗ್ಗೆ ಹತ್ತರದ್ದೋ ರಾತ್ರಿ ಹತ್ತೂವರೆಯದ್ದೋ ಶೋ; ಸಂಜೆ ಆರರ ಶೋ ದೊಡ್ಡವರದ್ದು. ಒಂಟಿ ಪರದೆಯ ಥಿಯೇಟರಿಗೆ ಹೋದರೆ ನಿರ್ಮಾಪಕನೇ ವಾರದ ಬಾಡಿಗೆ ಕಟ್ಟಬೇಕು. ಸೋಮವಾರದ ಕಲೆಕ್ಷನ್ ನೋಡಿ ಶೋಗಳನ್ನು ಕಡಿಯುತ್ತಾರೆ. ಗುರುವಾರದ ಹೊತ್ತಿಗೆ ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರ್ ಬಿದ್ದಿರುತ್ತದೆ. ನಾಲ್ಕು ದಿನ, ಇದ್ದರೆ ಏಳು ದಿನ. ಇಷ್ಟರೊಳಗೆ ಬಾಯಿಂದ ಬಾಯಿಗೆ ಮಾತು ಹಬ್ಬಿದರೆ ಉಂಟು. ‘ಬ್ಲಿಂಕ್’ ಹಾಗೆಯೇ ಉಳಿದುಕೊಂಡಿತು, ನೋಡಿದವರು ನೋಡದವರಿಗೆ ಹೇಳಿ. ಅದರ ಹಿಂದಿನ ವರ್ಷದ ‘ಡೇರ್‌ಡೆವಿಲ್ ಮುಸ್ತಾಫಾ’ವನ್ನಂತೂ ಕಥೆಗಾರ ತೇಜಸ್ವಿಯವರ ಅಭಿಮಾನಿಗಳು ನೂರು ಜನ ದುಡ್ಡು ಸೇರಿಸಿ ಮಾಡಿದ್ದು.

ಒಂದು ಮಂಗಳವಾರ ಮಧ್ಯಾಹ್ನ ಮಾಲಿನ ಟಿಕೆಟ್ ಕೌಂಟರಿನ ಮುಂದೆ ನಿಂತಿದ್ದೆ. ಆಮೇಲೆ ಮೂರು ಕರುಣಾ ಪಟ್ಟಿಗಳಲ್ಲಿ ಕಾಣಿಸಿಕೊಂಡ ಸಿನಿಮಾ ಅದು. ಕೌಂಟರಿನ ಹುಡುಗ ಒಳ್ಳೆಯವನು. “ಸರ್, ಇನ್ನಿಬ್ರು ಬರ್ಲಿ, ಶೋ ಹಾಕ್ತೀವಿ. ಒಬ್ರಿಗೋಸ್ಕರ ಓಡ್ಸಕ್ಕಾಗಲ್ಲ” ಎಂದ. ಪಾಪ್‌ಕಾರ್ನಿನ ಎದುರಿನ ಕುರ್ಚಿಯಲ್ಲಿ ಕೂತೆ. ನನ್ನ ಪಕ್ಕ ಇನ್ನೊಬ್ಬ ಹುಡುಗ ಕೂತಿದ್ದ, ಹೆಗಲಿಗೆ ಬ್ಯಾಗು, ಕೈಯಲ್ಲಿ ಮೊಬೈಲು. ಅವನೂ ಪ್ರೇಕ್ಷಕನಿರಬೇಕೆಂದು ಮಾತಾಡಿಸಿದರೆ, ಆ ಸಿನಿಮಾದ ಸಹಾಯಕ ನಿರ್ದೇಶಕ. ಎಷ್ಟು ಜನ ಬರುತ್ತಾರೆಂದು ನೋಡಿಕೊಂಡು ಹೋಗಲು ಬಂದವನು. “ಬೇಕಾದ್ರೆ ನಾನೇ ಎರಡು ಟಿಕೆಟ್ ತಗೋತೀನಿ ಸರ್, ನೀವು ನೋಡಿ” ಎಂದ. ತಗೊಂಡ. ನೋಡಿದೆವು. ಮಧ್ಯಂತರದಲ್ಲಿ ಅವನು ನನ್ನ ಮುಖ ನೋಡುತ್ತಿದ್ದನೇ ಹೊರತು ಏನನ್ನೂ ಕೇಳಲಿಲ್ಲ.

ಓಟಿಟಿ ಇದೆಯಲ್ಲ ಎನ್ನುವವರಿದ್ದಾರೆ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ಕರಾವಳಿಯ ಕಥೆಗಳನ್ನಿಟ್ಟುಕೊಂಡು ‘ಏಕಂ’ ಎಂಬ ಸರಣಿ ಮಾಡಿತು. ಹೆಸರಿರುವ ನಟ, ಹೆಸರಿರುವ ಸಂಸ್ಥೆ. ಯಾವ ವೇದಿಕೆಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಾವೇ ಒಂದು ಜಾಲತಾಣ ಮಾಡಿ ಬಿಡುಗಡೆ ಮಾಡಿದರು. ಅವರ ಪಾಡೇ ಹೀಗಾದರೆ ಯರೇಹಂಚಿನಾಳದ ಶಿವಮ್ಮನನ್ನು ಕೇಳುವವರು ಯಾರು? ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಆಕೆ ಸಾಲ ತೀರಿಸಲೆಂದು ನೆಟ್‌ವರ್ಕ್ ಮಾರ್ಕೆಟಿಂಗಿನ ಪುಡಿ ಮಾರಲು ಹೊರಡುತ್ತಾಳೆ. ಊರವರಿಗೆಲ್ಲ ಆರೋಗ್ಯದ ಆಸೆ ಹುಟ್ಟಿಸುತ್ತ ತಾನೇ ಮುಳುಗುತ್ತ ಹೋಗುತ್ತಾಳೆ. ಪಾತ್ರ ಮಾಡಿದ ಶರಣಮ್ಮ ಚಟ್ಟಿ ಕ್ಯಾಮೆರಾಕ್ಕೆ ಹೊಸಬರು. ಊರವರೇ ಉಳಿದ ಪಾತ್ರಧಾರಿಗಳು. ಆಕೆ ಮಾತಾಡುವಾಗ ನಟನೆ ಎಂಬುದೊಂದು ಇದೆಯೆಂದೇ ಮರೆತುಹೋಗುತ್ತದೆ. ನನ್ನ ವೈಯಕ್ತಿಕ ಆಯ್ಕೆ ಯಾವುದೆಂದು ಕೇಳಿದರೆ ಆ ವರ್ಷಕ್ಕೆ ಅದೊಂದೇ. ಎರಡರಿಂದ ಹತ್ತರವರೆಗಿನ ಸ್ಥಾನಗಳು ಖಾಲಿ ಇವೆ; ಆಸಕ್ತರು ಅರ್ಜಿ ಹಾಕಬಹುದು.

ಕವಿರಾಜಮಾರ್ಗದ ಆ ಹತ್ತು ಹೆಸರುಗಳ ವಿಷಯವನ್ನು ಅರ್ಧಕ್ಕೇ ಬಿಟ್ಟಿದ್ದೆ. ದುರ್ವಿನೀತನ ಗದ್ಯದ ಒಂದು ಓಲೆಗರಿಯೂ ನಮಗೆ ಸಿಕ್ಕಿಲ್ಲ. ಜಯಬಂಧು ಏನು ಬರೆದ, ಲೋಕಪಾಲನ ಕಾವ್ಯ ಹೇಗಿತ್ತು, ಗೊತ್ತಿಲ್ಲ. ಪಟ್ಟಿ ಉಳಿಯಿತು, ಕೃತಿಗಳು ಹೋದವು. ಸಾವಿರ ವರ್ಷ ಹಿಂದಿನದು, ಗೆದ್ದಲು ತಿಂದಿರಬಹುದು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದ್ದು. ಅದೂ ಇಲ್ಲ. ಕ್ವಿಜ್ ಪುಸ್ತಕಗಳಲ್ಲಿ ಹೆಸರಿದೆ, ಪ್ರಿಂಟಿಲ್ಲ. ತೋರಿಸುವ ಜಾಗಗಳೂ ಒಂದೊಂದಾಗಿ ಹೋಗುತ್ತಿವೆ: ಗಾಂಧಿನಗರದ ಕಪಾಲಿ 2017ರಲ್ಲಿ ಮುಚ್ಚಿತು, ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ. ನಮ್ಮ ಕಾಲದ ಸಣ್ಣ ಸಿನಿಮಾಗಳಿಗಂತೂ ಗೆದ್ದಲಿನ ನೆಪವೂ ಇಲ್ಲ. ಯಾವುದೋ ಹಾರ್ಡ್‌ಡಿಸ್ಕಿನಲ್ಲಿ, ಯಾರದೋ ಸಾಲದ ಅಡಿಯಲ್ಲಿ ಇರುತ್ತವೆ. ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ತಿಥಿಯ ದಿನ ಎಲೆ ತುಂಬ ವಡೆ ಬಡಿಸುವ ಹಾಗಿದೆ ನಮ್ಮ ಡಿಸೆಂಬರ್ ಪುಟಗಳ ಹೊಗಳಿಕೆ.

5. ಉಪಸಂಹಾರ

ವಾಡಿಕೆಯಂತೆ ಇಲ್ಲಿ ‘ಹೆಚ್ಚಿನ ಅಧ್ಯಯನದ ಅಗತ್ಯವಿದೆ’ ಎಂದು ಬರೆದು ನಿರ್ಗಮಿಸಬೇಕು. ಅಧ್ಯಯನ ಬೇಡ. ಸಂಪಾದಕರಲ್ಲಿ ಒಂದೇ ಅರಿಕೆ: ಡಿಸೆಂಬರ್ ಪಟ್ಟಿಗೆಂದು ಮೀಸಲಿಡುವ ಆ ಎರಡು ಪುಟಗಳನ್ನು ತುಂಡು ಮಾಡಿ, ವರ್ಷವಿಡೀ ಶನಿವಾರಕ್ಕೆ ಒಂದು ಕಾಲಮ್ಮಿನಂತೆ ಹಂಚಿಬಿಡಿ. ಶುಕ್ರವಾರ ಬಂದ ಸಣ್ಣ ಸಿನಿಮಾವನ್ನು ಅಂದೇ ನೋಡಿ, ಮರುದಿನವೇ ಬರೆಸಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಸಿ, ಪರವಾಗಿಲ್ಲ. ಯಾವ ಥಿಯೇಟರು, ಎಷ್ಟು ಗಂಟೆಯ ಶೋ ಎಂಬುದನ್ನೂ ಕೆಳಗೆ ಹಾಕಿ.