ಪತ್ತೇದಾರಿಕಾ ಮೀಮಾಂಸೆ: ಪ್ರಥಮೋಲ್ಲಾಸ

ಪೂರ್ವಾಪರವಿಚಾರದಕ್ಷನೂ ಪಾದಚಿಹ್ನಾನುಸಾರಿಯೂ ಪರಗೃಹಗವಾಕ್ಷನಿರತನೂ ಆದ ಯಾವ ಪುರುಷನು, ಸರ್ಕಾರದ ಆಜ್ಞೆಯಿಲ್ಲದೆ, ಕಕ್ಷಿಗಾರನ ಮುಂಗಡವೊಂದನ್ನೇ ಪ್ರಮಾಣವಾಗಿಟ್ಟುಕೊಂಡು ಅನ್ಯರ ಗತಕಾಲವನ್ನು ಅಗೆಯುವನೋ ಅವನೇ ಖಾಸಗಿ ಪತ್ತೇದಾರನೆಂದು ಲಾಕ್ಷಣಿಕರು ಹೇಳಬೇಕಾಗಿತ್ತು, ಹೇಳಿಲ್ಲ. ಆದಕಾರಣ ಈ ಪ್ರಬಂಧ. ಇದಕ್ಕೆ ಅನುಬಂಧಚತುಷ್ಟಯವುಂಟು. ವಿಷಯ: ಮರೆಸಿಟ್ಟ ಗುರುತು. ಅಧಿಕಾರಿ: ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ದೊರೆತವನು. ಪ್ರಯೋಜನ: ಅರಸೀಕೆರೆ ಬಂದದ್ದು ತಿಳಿಯದಿರುವುದು. ಸಂಬಂಧ: ಸಾಮಾನ್ಯವಾಗಿ ಅಕ್ರಮ.

ರಹಸ್ಯವು ಚತುರ್ವಿಧ: ಜನ್ಮರಹಸ್ಯ, ನಾಮರಹಸ್ಯ, ದ್ರವ್ಯರಹಸ್ಯ ಮತ್ತು ಬಾಡಿಗೆ ಪುಸ್ತಕದ ಕೊನೆಯ ಹಾಳೆ ಹರಿದುಹೋದದ್ದರಿಂದುಂಟಾಗುವ ನಿತ್ಯರಹಸ್ಯ. ಮೊದಲನೆಯದಕ್ಕೆ ಕರ್ಣನೇ ನಿದರ್ಶನ. ಎರಡನೆಯದು ಪುನಃ ಹದಿನಾರು ಬಗೆ, ಒಂದೊಂದಕ್ಕೂ ಎರಡೆರಡು ಉಪಭೇದ. ಅವನ್ನಿಲ್ಲಿ ವಿವರಿಸುವುದಿಲ್ಲ, ವಿವರಿಸಿದರೆ ವಿಚಾರಸಂಕಿರಣವಾದೀತು, ಮಧ್ಯಾಹ್ನದ ಊಟದ ಏರ್ಪಾಡು ನನ್ನಿಂದಾಗದು.

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ: ಪತ್ತೇದಾರನು 1887ರಲ್ಲಿ ಷರ್ಲಾಕ್ ಹೋಮ್ಸನೊಡನೆ ಲಂಡನ್ನಿನಿಂದ ಬಂದವನು, ನಮ್ಮ ಪರಂಪರೆಗೆ ಸಲ್ಲನೆಂದು. ಈ ಮಹನೀಯರು ವನಪರ್ವದ ನಳೋಪಾಖ್ಯಾನವನ್ನು ಪೂರ್ತಿ ಓದಿದ್ದರೆ ಕೇಶಿನಿಯನ್ನು ಮರೆಯುತ್ತಿರಲಿಲ್ಲ. ಋತುಪರ್ಣನ ಸಾರಥಿಯಾಗಿ ಬಂದ ಕುರೂಪಿ ಬಾಹುಕನು ನಿಜವಾಗಿ ಯಾರೆಂಬ ಸಂಶಯದಿಂದ ದಮಯಂತಿಯು ಈಕೆಯನ್ನು ಕಳುಹಿಸುತ್ತಾಳೆ. ಆಕೆ ತಂದ ವರದಿಯನ್ನು ನೋಡಿ: ತಗ್ಗು ಬಾಗಿಲನ್ನು ಹೊಗುವಾಗ ಅವನು ಬಗ್ಗಲಿಲ್ಲ, ಬಾಗಿಲೇ ಎತ್ತರವಾಯಿತು, ಅವನು ನೋಡಿದೊಡನೆ ಬರಿಯ ಕೊಡಗಳು ತುಂಬಿದವು, ಹಿಡಿ ಹುಲ್ಲು ತಾನಾಗಿ ಹೊತ್ತಿಕೊಂಡಿತು, ಕೈಯಲ್ಲಿ ಹೊಸಕಿದ ಹೂ ಬಾಡಲಿಲ್ಲ. ಇಷ್ಟಾದರೂ ದಮಯಂತಿ ಒಪ್ಪಳು. ಅವನು ಬೇಯಿಸಿದ ಮಾಂಸದ ತುಣುಕೊಂದನ್ನು ತರಿಸಿ, ಬಾಯಲ್ಲಿಟ್ಟು, ಗಂಡನ ಕೈಯಡುಗೆಯೆಂದು ತಿಳಿದುಕೊಳ್ಳುತ್ತಾಳೆ. ಹೊಗೆಸೊಪ್ಪಿನ ಬೂದಿಯ ಮೇಲೆ ಗ್ರಂಥ ಬರೆದ ಹೋಮ್ಸನಲ್ಲಿಯೂ ಇಂಥ ಸಾಕ್ಷ್ಯವಿಲ್ಲ. ಕೇಶಿನಿಗೆ ಸಂಭಾವನೆ ಕೊಟ್ಟ ಉಲ್ಲೇಖವೂ ಇಲ್ಲ. ಆ ಸಂಪ್ರದಾಯವನ್ನು ನಮ್ಮ ಪತ್ರಿಕೆಗಳು ಇಂದಿಗೂ ಲೇಖಕರ ವಿಷಯದಲ್ಲಿ ಪಾಲಿಸಿಕೊಂಡು ಬಂದಿವೆ.

ಇನ್ನು ಪತ್ತೇದಾರಿಯನ್ನು ಹೆಸರಿಸಲೂ ಮೂಗು ಮುರಿಯುವ ಪಂಡಿತಮಂಡಲಿಯು ಆಜೀವಪರ್ಯಂತ ಮಾಡುತ್ತಿರುವುದಾದರೂ ಏನು? 1898ರಲ್ಲಿ ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಅಚ್ಚಿಗೆ ತಂದರು. ಅದನ್ನು ಬರೆದವನು ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂಬ ತನಿಖೆಯಲ್ಲಿ ಎಷ್ಟು ಶಾಯಿ ಹರಿಯಿತು, ಎಷ್ಟು ಸ್ನೇಹಗಳು ಹರಿದವು! ಶಂಕಿತರಿಬ್ಬರು, ಒಂಬತ್ತನೆಯ ಶತಮಾನದ ಘಟನಾಸ್ಥಳ, ಪಾಠಾಂತರಗಳೆಂಬ ಸುಳಿವುಗಳು. ಹೆಣವೊಂದನ್ನು ಬಿಟ್ಟರೆ ಸಕಲಾಂಗಗಳೂ ಅಲ್ಲಿವೆ.

ಆದರೂ ವೇದಿಕೆಯೊಂದರಿಂದ ವಿದ್ವಾಂಸರೊಬ್ಬರು, ಪತ್ತೇದಾರಿ ಕಾದಂಬರಿಯನ್ನು ಓದುವವರು ಓದುಗರೇ ಅಲ್ಲವೆಂದು ಅಪ್ಪಣೆ ಕೊಡಿಸಿದ್ದನ್ನು ಈ ಕಿವಿಗಳಿಂದಲೇ ಕೇಳಿದ್ದೇನೆ. ಹಾಗಾದರೆ ಅವರು ಯಾರು, ಸ್ವಾಮಿ? ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನನ್ನೂ ಮಧುಸೂದನನನ್ನೂ ಅರಿಂಜಯನನ್ನೂ ಬೆನ್ನಟ್ಟುತ್ತ, ಪಾಠಪುಸ್ತಕದಾಚೆಗೆ ಒಂದಕ್ಷರವನ್ನೂ ಓದದಿದ್ದವರು ಕನ್ನಡವನ್ನು ಸರಾಗವಾಗಿ ಓದಕಲಿತರು. ಆಮೇಲೆ ಅವರಲ್ಲಿ ಕೆಲವರು ದೊಡ್ಡ ಗ್ರಂಥಗಳಿಗೆ ಹೋದರು, ಹಲವರು ಹೋಗಲಿಲ್ಲ. ಆದರೆ ಅಕ್ಷರದ ಭಯ ಇಬ್ಬರಿಗೂ ಹೋಯಿತು. ಇದಕ್ಕಿಂತ ಹೆಚ್ಚಿನ ಕೆಲಸವನ್ನು ಯಾವ ವಿಚಾರಸಂಕಿರಣ ಮಾಡಿದೆ?

ಗುಪ್ತವಾದ ಗುರುತೊಂದನ್ನು ಈ ಪಂಡಿತರಿಗೆ ತಿಳಿಸಿಯೇ ಬಿಡುತ್ತೇನೆ. ಪ್ರತಿ ನವೆಂಬರ್ 1ರಂದು ಅವರು ಯಾವ ಹಳದಿ-ಕೆಂಪು ಬಾವುಟದಡಿಯಲ್ಲಿ ನಿಂತು ಭಾಷಣ ಮಾಡುತ್ತಾರೋ ಅದನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು. ಬಾವುಟ ಬೇಕು, ಕಾದಂಬರಿ ಬೇಡ.

ಕವಿಯೊಬ್ಬನ ಕಾಲವನ್ನು ಹತ್ತು ವರ್ಷ ಹಿಂದಕ್ಕೊಯ್ಯಲು ಮುನ್ನೂರು ಪುಟ ಬರೆಯುವ ನಮಗೆ, ನಿನ್ನೆ ಮೊನ್ನೆ ಅಚ್ಚಾದ ಈ ಪುಸ್ತಕಗಳ ಒಂದು ಪೂರ್ಣವಾದ ಪಟ್ಟಿಯನ್ನು ಮಾಡಿಟ್ಟುಕೊಳ್ಳುವ ವ್ಯವಧಾನವಿಲ್ಲ. ಅಗ್ಗದ ಕಾಗದ; ಮುಟ್ಟಿದರೆ ಅಂಚು ಪುಡಿಯಾಗುತ್ತದೆ.

ವಾಚಕ ಮಹಾಶಯರೇ, ನಿಮ್ಮ ಅಟ್ಟದ ಮೇಲೆ, ಮುಖಪುಟದಲ್ಲಿ ಟೋಪಿಯೂ ಪಿಸ್ತೂಲೂ ಇರುವ ಅಂಥದೊಂದು ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ. ಸಮೀಪದ ಗ್ರಂಥಾಲಯಕ್ಕೆ ಒಯ್ದು ಕೊಡಿ. ಬೇಡವೆಂದರೆ, ಬೇಡವೆಂಬ ಮಾತನ್ನು ಅವರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.