ಇನ್ನೊಂದೇ ಕೋಟು

ಎಲ್ಲರ ಮನೆಯಲ್ಲೂ ಇಂಥ ಒಬ್ಬ ಭಾವ ಇರುತ್ತಾರೆ. ಬಡಗಿಯನ್ನು ಕರೆಸೋಣ ಅಂದರೆ ಸಾಕು, ‘ಅದಕ್ಯಾಕೆ ಬಡಗಿ? ನಾನೇ ಮಾಡ್ತೀನಿ’ ಅಂತ ತೋಳು ಮಡಚುವವರು. ಮನೆಯಲ್ಲಿ ಡ್ರಿಲ್ ಇರುತ್ತದೆ, ಅವತ್ತಿಗೆ ಬೇಕಾದ ಬಿಟ್ ಮಾತ್ರ ಇರುವುದಿಲ್ಲ. ನಮ್ಮ ಭಾವ ಈ ಕುಲದ ಶಿರೋಮಣಿ. ವಾರದಲ್ಲಿ ಐದು ದಿನ ಬೆಂಗಳೂರಿನ ಸಾಫ್ಟ್‌ವೇರ್ ಆಫೀಸಿನಲ್ಲಿ ಕೂತು, ಬೇರೆಯವರ ಕೆಲಸ ಎಷ್ಟು ದಿನಕ್ಕೆ ಮುಗಿಯುತ್ತದೆಂದು ಲೆಕ್ಕ ಹಾಕುವುದು ಅವರ ಉದ್ಯೋಗ. ಶನಿವಾರ, ಭಾನುವಾರ ಸ್ವಂತ ಕೆಲಸ. ಅದಕ್ಕೆ ಲೆಕ್ಕವಿಲ್ಲ.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಮೆಲ್ಲುತ್ತಾ ಘೋಷಿಸಿದರು. ಚಿಕ್ಕಂದಿನಲ್ಲಿ ಕೊತ್ತಂಬರಿ ಸೊಪ್ಪಿನ ಚಿಲ್ಲರೆ ಉಳಿಸಿಕೊಂಡು ವಿಡಿಯೊ ಗೇಮ್ ಅಂಗಡಿಗೆ ಓಡುತ್ತಿದ್ದರಂತೆ. ಅಲ್ಲಿದ್ದಂಥ ಆಳೆತ್ತರದ ಆಟದ ಪೆಟ್ಟಿಗೆಯನ್ನು ಈಗ ಮನೆಯಲ್ಲೇ ಕಟ್ಟುತ್ತಾರಂತೆ. ‘ಮರದ ನಾರಿನ ಎರಡು ಎಂಡಿಎಫ್ ಹಾಳೆ, ಒಂದು ಹಳೇ ಮಾನಿಟರು, ಒಳಗೊಂದು ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರು. ಯುಗಾದಿಗೆ ಆಡಬಹುದು.’ ಯಾವ ಯುಗಾದಿ ಅಂತ ಅಕ್ಕ ಕೇಳಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಗಿದೆ.

8 ಅಡಿಗೆ 4 ಅಡಿ, 18 ಮಿ.ಮೀ. ದಪ್ಪದ ಒಂದು ಹಾಳೆ ಹತ್ತಿರ ಹತ್ತಿರ 40 ಕೆ.ಜಿ. ತೂಗುತ್ತದೆ. ಅದನ್ನು ತಾರಸಿಗೆ ಹೊತ್ತವನು ನಾನು. ‘ಸ್ವಲ್ಪ ಎಡಕ್ಕೆ’ ಅಂದವರು ಭಾವ. ಕೊಯ್ದು ಜೋಡಿಸುವ ಕೆಲಸ ಮಾರ್ಚಿಗೇ ಮುಗಿಯಿತು, ಸುಳ್ಳು ಹೇಳಬಾರದು. ಆಮೇಲೆ ಶುರುವಾಯಿತು ಫಿನಿಶಿಂಗು. ಈ ಪದಕ್ಕೆ ಮುಗಿಸುವುದು ಅಂತಲೂ ಅರ್ಥವಿದೆಯೆಂದು ಅವರಿಗೆ ಯಾರೂ ಹೇಳಿಲ್ಲ.

ಎಂಡಿಎಫ್ ಹಾಳೆಯ ಮೈ ನುಣುಪು. ಕೊಯ್ದ ಅಂಚು ಮಾತ್ರ ಬೇಸಿಗೆಯ ಹೊಲ, ಎಷ್ಟು ಸುರಿದರೂ ಹೀರಿಬಿಡುತ್ತದೆ. ನೀರು ಬೆರೆಸುವ ಪ್ರೈಮರ್ ಬಳಿದ ಮರುದಿನ ನೋಡಿದರೆ ಅಂಚೆಲ್ಲ ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿ ತರಿತರಿಯಾಗಿತ್ತು. ಅದಕ್ಕೆ ಪುಟ್ಟಿ ಮೆತ್ತಿದರು, ಒಣಗಿಸಿದರು, ಉಪ್ಪುಕಾಗದ ಹಿಡಿದರು. ಮೊದಲು 120 ನಂಬರು, ಆಮೇಲೆ 220, ಕಡೆಗೆ 320. ಪ್ರತಿ ಸಲವೂ ಬೆರಳ ತುದಿಯಿಂದ ಅಂಚು ಸವರಿ, ನಾಡಿ ಹಿಡಿದ ಪಂಡಿತರಂತೆ ಕಣ್ಣು ಮುಚ್ಚುತ್ತಿದ್ದರು.

‘ಇಲ್ಲೊಂದು ತಗ್ಗಿದೆ ಕಣೋ.’

ನಾನೂ ಸವರಿದೆ. ‘ಇಲ್ವಲ್ಲ ಭಾವ?’

‘ನಿನಗೆ ಗೊತ್ತಾಗಲ್ಲ ಬಿಡು.’

ಉಜ್ಜಿದ ಪುಡಿಯೆಲ್ಲ ಹಾರಿ, ಅಕ್ಕನ ಅತ್ತೆ ಒಣಹಾಕಿದ್ದ ಅರಳು ಸಂಡಿಗೆಯ ಮೇಲೆ ಕೂತಿತು. ಅತ್ತೆ ಮೂರು ದಿನ ಮಗನ ಜೊತೆ ಮಾತು ಬಿಟ್ಟರು. ಅದು ಮಗನಿಗೆ ತಿಳಿದದ್ದು ನಾಲ್ಕನೇ ದಿನ.

ಇನ್ನು ಬಣ್ಣ. ಪೇಂಟ್ ಅಂಗಡಿಯವನು ಕೇಳಿದ್ದು ಸರಳ ಪ್ರಶ್ನೆ: ‘ಗೇಟಿಗಾ ಸಾರ್, ಗ್ರಿಲ್ಲಿಗಾ?’ ಭಾವ 1981ರಿಂದ ಉತ್ತರ ಶುರುಮಾಡಿದರು. ಆ ವರ್ಷ ನಿಂಟೆಂಡೊ ಕಂಪನಿಯವರು ಡಾಂಕಿ ಕಾಂಗ್ ಆಟ ತಂದರು. ಅಮೆರಿಕದಲ್ಲಿ ‘ರೇಡಾರ್ ಸ್ಕೋಪ್’ ಅನ್ನೋ ಅವರದೇ ಇನ್ನೊಂದು ಆಟದ ಸುಮಾರು 2,000 ಪೆಟ್ಟಿಗೆಗಳು ಮಾರಾಟವಾಗದೆ ಗೋದಾಮಿನಲ್ಲಿ ಕೂತಿದ್ದವು. ಅವುಗಳ ಹೊಟ್ಟೆಗೇ ಹೊಸ ಆಟ ತುಂಬಿ ಕಳಿಸಿದರು. ಆ ಹಳೇ ಪೆಟ್ಟಿಗೆಗಳ ಬಣ್ಣ ಕೆಂಪು, ಹಾಗಾಗಿ ಮೊದಲು ಬಂದವು ಕೆಂಪು, ಆಮೇಲಿನವು ತಿಳಿನೀಲಿ. ‘ನನಗೆ ಆಮೇಲಿನ ನೀಲಿ ಬೇಕು.’ ಅಂಗಡಿಯವನು ಮಾತಾಡದೆ ಶೇಡ್ ಕಾರ್ಡ್ ಕೊಟ್ಟು ಮುಂದಿನ ಗಿರಾಕಿಯ ಕಡೆ ತಿರುಗಿದ. ನಿಂಟೆಂಡೊದವರು ಎರಡು ಸಾವಿರ ಪೆಟ್ಟಿಗೆಗಳನ್ನೇ ಬದಲಾಯಿಸಿ ಮಾರಿದರು. ನಮ್ಮವರಿಗೆ ಒಂದರ ಬಣ್ಣ ಆರಿಸಲು ಮೂರು ವಾರ ಬೇಕಾಯಿತು. ಡಬ್ಬ ಮನೆಗೆ ಬಂದಾಗ ಅಕ್ಕ ಇಣುಕಿ ನೋಡಿ, ‘ರೀ, ನಮ್ಮ ಬಚ್ಚಲಮನೆ ಬಕೆಟ್ಟೂ ಇದೇ ನೀಲಿ ಅಲ್ವಾ?’ ಅಂದಳು.

ಎನಾಮಲ್ ಬಳಿಯುವ ಹೊತ್ತಿಗೆ ಜುಲೈ, ಬಿಟ್ಟೂಬಿಡದ ಸೋನೆ. ಪೆಟ್ಟಿಗೆ ತಾರಸಿಯಿಂದ ಹಾಲಿಗೆ ಇಳಿಯಿತು. ಪಕ್ಕದ ಮನೆಗೆ ಸುಣ್ಣ ಬಣ್ಣಕ್ಕೆ ಬಂದಿದ್ದ ಪೇಂಟರು ಬಾಗಿಲಲ್ಲೇ ನಿಂತು ನೋಡಿ, ‘ಮಳೆಗಾಲದಲ್ಲಿ ಎನಾಮಲ್ ನಿಧಾನಕ್ಕೆ ಒಣಗ್ತದೆ ಸಾರ್. ಹಚ್ಚಿ ಸುಮ್ನೆ ಬಿಟ್ಬಿಡ್ಬೇಕು’ ಅಂದ. ಭಾವನಿಗೆ ಹಚ್ಚುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಗಂಟೆಗೊಮ್ಮೆ ಹೋಗಿ ಒಣಗಿದೆಯೇ ಅಂತ ಮುಟ್ಟುತ್ತಿದ್ದರು. ಪೆಟ್ಟಿಗೆಯ ನಾಲ್ಕೂ ಕಡೆ ಅವರ ಹೆಬ್ಬೆಟ್ಟು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಅಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ. ಒಂದು ಬೆಳಗ್ಗೆ ಎಡಗಡೆಯ ಹಲಗೆಯ ನಟ್ಟನಡುವೆ ಒಂದು ಸೊಳ್ಳೆ ಆರೂ ಕಾಲು ಚಾಚಿ ಅಂಟಿಕೊಂಡಿತ್ತು. ಚಿಮುಟದಿಂದ ಎತ್ತಿದರು. ಸೊಳ್ಳೆ ಬಂತು, ಕಾಲುಗಳು ಬರಲಿಲ್ಲ. ಮತ್ತೆ 320, ಮತ್ತೆ ಪೇಂಟು. ‘ಮುಗೀತೇನ್ರೀ?’ ಅಂದರೆ, ‘ಇನ್ನೊಂದೇ ಕೋಟು.’

ತಡೆಯಲಾರದೆ ಒಂದು ಸಂಜೆ ನಾನೇ ಮಾನಿಟರನ್ನು ಸುಮ್ಮನೆ ಒರಗಿಸಿಟ್ಟು ತಂತಿ ಚುಚ್ಚಿದೆ. ಭಾವ ಕೈ ಒರೆಸಿಕೊಂಡು ಜಾಯ್‌ಸ್ಟಿಕ್ ಹಿಡಿದರು. ಡಾಂಕಿ ಕಾಂಗ್ ಆಟದ ಮೊದಲನೇ ಏಣಿ ಹತ್ತುವ ಮುಂಚೆಯೇ ಪೀಪಾಯಿ ಉರುಳಿ ಬಂದು ಬಡಿಯಿತು. ಎರಡನೇ ಸಲವೂ ಅದೇ ಏಣಿ, ಅದೇ ಪೀಪಾಯಿ. ಜಾಯ್‌ಸ್ಟಿಕ್ ಬಿಟ್ಟು ಪಕ್ಕದ ಹಲಗೆ ಸವರಿದರು. ‘ಹೊಳಪು ಜಾಸ್ತಿಯಾಯ್ತು ಕಣೋ, ಕಣ್ಣಿಗೆ ಹೊಡೀತಿದೆ.’ ಮಾನಿಟರು ಮತ್ತೆ ಮಂಚದಡಿ ಸೇರಿತು.

ಅಷ್ಟರಲ್ಲಿ ಗಣೇಶನ ಹಬ್ಬ. ಮಾನಿಟರ್ ಕೂರಬೇಕಾದ ಚೌಕ ಖಾಲಿ, ಅದರ ಮುಂದೆ ಜಾಯ್‌ಸ್ಟಿಕ್ಕಿನ ಹಲಗೆ, ತಲೆಯ ಮೇಲೊಂದು ಚಾವಣಿ. ಅತ್ತೆ ಒಂದು ಕ್ಷಣ ದಿಟ್ಟಿಸಿದರು. ‘ಮಂಟಪ ಚೆನ್ನಾಗಿ ಮಾಡಿದ್ದೀಯ ಕಣೋ’ ಅಂದು ಎರಡೂ ಬದಿಗೆ ಬಾಳೆಕಂದು ಕಟ್ಟೇಬಿಟ್ಟರು. ಸಂಡಿಗೆಯ ಸಾಲ ತೀರಿತು. ಬಂದ ಮುತ್ತೈದೆಯರೆಲ್ಲ ನೀಲಿ ಮಂಟಪ ಎಲ್ಲಿ ಕೊಂಡಿರಿ ಅಂತ ಕೇಳಿದರು.

ಮೂರನೇ ದಿನ ವಿಸರ್ಜನೆ. ಮಂತ್ರ ಹೇಳಿ ಮೂರ್ತಿಯನ್ನು ಕದಲಿಸಲು ಹೋದರೆ ಅದು ಕದಲಲೊಲ್ಲದು. ‘ಸ್ವಾಮಿಗೆ ಹೋಗೋಕೆ ಮನಸ್ಸಿಲ್ಲ’ ಅಂತ ಅತ್ತೆ ಕೈಮುಗಿದರು. ಆದರೆ ಸ್ವಾಮಿ ನಿಂತಿದ್ದು ಭಕ್ತಿಗಲ್ಲ, ಎನಾಮಲ್ಲಿಗೆ. ಇಬ್ಬರು ಸೇರಿ ಎತ್ತಿದಾಗ ಚರ್ರೆಂದು ಬಂತು. ಹಲಗೆಯ ಮೇಲೆ ಚಕ್ಕುಲಿಯಗಲ ಬಣ್ಣ ಕಿತ್ತು, ಮಣ್ಣು ಅಂಟಿ, ಸುತ್ತ ಕುಂಕುಮ ಕದಡಿತ್ತು.

ಎಲ್ಲರೂ ಭಾವನ ಮುಖ ನೋಡಿದೆವು. ಅವರು ಬಗ್ಗಿ ಬೆರಳಾಡಿಸಿ ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಆ ಮುಖದಲ್ಲಿದ್ದದ್ದು, ಗೇಮ್ ಅಂಗಡಿಯಲ್ಲಿ ನಾಣ್ಯವೆಲ್ಲ ಮುಗಿಯಿತು ಅಂದುಕೊಂಡ ಹುಡುಗನಿಗೆ ಚಡ್ಡಿ ಜೇಬಿನ ಮೂಲೆಯಲ್ಲಿ ಇನ್ನೊಂದು ಸಿಕ್ಕಾಗ ಬರುವ ಕಳೆ.

‘ಚಿಂತೆಯಿಲ್ಲ. ಎಲ್ಲಿ, ಆ 120 ಕೊಡು.’