ಉಸಿರು ಬಿಡಿ ಸಾರ್

ಜಿಮ್ಮಿನ ಟೀ-ಶರ್ಟನ್ನು ಜಿಮ್ಮಿನೊಳಗೆ ಯಾರೂ ಹಾಕುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ನಮ್ಮ ಬಡಾವಣೆಯ ಜಿಮ್ಮಿಗೆ ಬಂದು ನೋಡಿ. ಒಬ್ಬರದು ಸಿಮೆಂಟ್ ಕಂಪನಿ ಪುಕ್ಕಟೆ ಹಂಚಿದ್ದು, ಇನ್ನೊಬ್ಬರದು ಮಗ ಬಿಟ್ಟುಹೋದ ಕಾಲೇಜು ಫೆಸ್ಟಿನದು, ಮತ್ತೊಬ್ಬರ ಎದೆಯ ಮೇಲೆ ಹಿಂದಿನ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಅಭ್ಯರ್ಥಿ. ಬಸ್ಕಿ ಹೊಡೆಯುವಾಗ ಆತ ಕೈಮುಗಿದುಕೊಂಡೇ ಇಳಿಯುತ್ತಾನೆ, ಕೈಮುಗಿದುಕೊಂಡೇ ಏಳುತ್ತಾನೆ. ನನ್ನದು ಯಾವುದೋ ಸಾಹಿತ್ಯ ಸಮ್ಮೇಳನದಲ್ಲಿ ಸಿಕ್ಕಿದ್ದು. ಬೆನ್ನ ಮೇಲೆ ದಪ್ಪಕ್ಷರದಲ್ಲಿ ‘ಊಟದ ಸಮಿತಿ’ ಎಂದಿದೆ. ಟ್ರೆಡ್‌ಮಿಲ್ಲಿನಲ್ಲಿ ನನ್ನ ಹಿಂದೆ ಸರದಿಗೆ ನಿಂತವರು ಅದನ್ನು ಓದುತ್ತಾರೆ, ನನ್ನ ಸೊಂಟ ನೋಡುತ್ತಾರೆ, ತಲೆಯಾಡಿಸುತ್ತಾರೆ.

ಓನರ್‌ಗೆ ಇದು ಬಹಳ ದಿನದಿಂದ ಸಂಕಟ. ‘ನನ್ನ ಎಸಿ, ನನ್ನ ಮೆಷೀನು, ಹೆಸರು ಮಾತ್ರ ಸಿಮೆಂಟಿಂದು’ ಎಂದು ಕೊರಗುತ್ತಿದ್ದವನು ಒಂದು ದಿನ ನೇರವಾಗಿ ನನ್ನ ಹತ್ತಿರ ಬಂದ. ‘ಮೇಷ್ಟ್ರೇ, ನೀವು ಬರೆಯೋರು. ನಮ್ದೇ ಟೀ-ಶರ್ಟ್ ಮಾಡ್ಸೋಣ. ಒಂಚೂರು ತಲೆ ಓಡ್ಸಿ.’ ಮೈಸೂರಿನಲ್ಲಿ ನಿಮ್ಮ ಎರಡು ಲೇಖನ ಪತ್ರಿಕೆಯಲ್ಲಿ ಬಂದರೆ ಸಾಕು, ಬಡಾವಣೆಯ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವೂ ನಿಮ್ಮ ಪಾಲಿಗೆ. ಆದರೆ ಅಂಗಿಯ ಮೇಲೆ ಬರೆಯುವ ಅವಕಾಶ ಯಾವ ಸಂಪಾದಕರೂ ಕೊಟ್ಟಿರಲಿಲ್ಲ. ಬೇಡ ಎನ್ನುವಂತೆ ಮುಖ ಮಾಡಿಕೊಂಡೇ ಒಪ್ಪಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಮಿಟಿ ಆಯಿತು. ಓನರ್, ನಾನು, ಒಬ್ಬರು ರಿಟೈರ್ಡ್ ಎಂಜಿನಿಯರು, ಮನೆಯಿಂದಲೇ ಕೆಲಸ ಮಾಡುವ ಒಬ್ಬ ಸಾಫ್ಟ್‌ವೇರ್ ಹುಡುಗಿ, ಮತ್ತು ಟ್ರೇನರ್. ಕೆಳಗಡೆ ಬೇಕರಿ ಇರುವುದರಿಂದ ಸಭೆಗೆ ಖಾರಾ ಬನ್ನಿನ ವಾಸನೆ ತಾನಾಗಿಯೇ ಬರುತ್ತಿತ್ತು. ಬನ್ನೂ ಬರುತ್ತಿತ್ತು.

ಗಂಡಭೇರುಂಡದ ಎರಡು ಕಾಲಿಗೆ ಎರಡು ಡಂಬೆಲ್ ಕೊಡೋಣ ಎಂದೆ. ಮೈಸೂರು ಎಂದ ಮೇಲೆ ಅಷ್ಟೂ ಬೇಡವೇ? ಎಲ್ಲರೂ ಭೇಷ್ ಎಂದರು. ಎಂಜಿನಿಯರು ಮಾತ್ರ ಕನ್ನಡಕ ಮೇಲೇರಿಸಿ, ‘ಅದು ಸರ್ಕಾರದ ಲಾಂಛನ ಕಣ್ರೀ, ಹಂಗೆಲ್ಲ ಮುಟ್ಟೋ ಹಾಗಿಲ್ಲ’ ಎಂದರು. ಅದಕ್ಕಿಂತ ದೊಡ್ಡ ತೊಡಕು ನನಗೇ ಆಮೇಲೆ ಹೊಳೆಯಿತು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಈ ಹಕ್ಕಿ ಕೊಕ್ಕಿನಲ್ಲೂ ಕಾಲಿನಲ್ಲೂ ಆನೆಗಳನ್ನೇ ಹಿಡಿದುಕೊಂಡಿದೆ. ಆನೆ ಎತ್ತುವ ಹಕ್ಕಿಯ ಕೈಗೆ ಐದು ಕೆಜಿ ಡಂಬೆಲ್ ಕೊಟ್ಟರೆ ಅದು ನಮ್ಮ ಜಿಮ್ಮಿಗೆ ಏಕೆ ಸೇರಬೇಕು?

ಟ್ರೇನರ್ ಹುಡುಗ ಅಮೆರಿಕದ ಕಥೆ ಹೇಳಿದ. 1965ರಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಜೋ ಗೋಲ್ಡ್ ಎಂಬಾತ ಗೋಲ್ಡ್ಸ್ ಜಿಮ್ ತೆರೆದ. ಅಲ್ಲಿಗೆ ಬರುತ್ತಿದ್ದ ಕುಸ್ತಿಪಟು ರಿಕ್ ಡ್ರೇಸಿನ್, ಭಾರಕ್ಕೆ ಬಾಗಿದ ಬಾರ್‌ಬೆಲ್ ಎತ್ತಿದ ಬೋಳುತಲೆಯವನ ಚಿತ್ರ ಬರೆದುಕೊಟ್ಟ. ಆ ಜಿಮ್ಮಿನ ಮೆಟ್ಟಿಲು ಹತ್ತದವರೂ ಅದರ ಬನಿಯನ್ನು ತೊಟ್ಟು ಊರೂರು ತಿರುಗಿದರು. ಜೋ ಗೋಲ್ಡ್ ಜಿಮ್ಮನ್ನು ಹೆಸರಿನ ಸಮೇತ ಮಾರಿಬಿಟ್ಟಿದ್ದ. ಮುಂದೆ ಇನ್ನೊಂದು ತೆರೆಯುವಾಗ ತನ್ನ ಹೆಸರನ್ನೇ ಇಟ್ಟುಕೊಳ್ಳಲಾಗದೆ ‘ವರ್ಲ್ಡ್ ಜಿಮ್’ ಎಂದ. ಅದಕ್ಕೂ ಡ್ರೇಸಿನ್ನೇ ಒಂದು ಗೊರಿಲ್ಲಾ ಬರೆದುಕೊಟ್ಟ. ಬೋಳುತಲೆ ಎಂದಾಗ ಎಂಜಿನಿಯರು ಅಭಿಮಾನದಿಂದ ನೆತ್ತಿ ಸವರಿಕೊಂಡರು.

ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಓನರನ ತಂದೆ, ಹಳೇ ಗರಡಿಯವರು, ಆಗ ಬಾಯಿ ತೆರೆದರು. ‘ನಾವು ಲಂಗೋಟಿ ಕಟ್ಟಿ ಮಟ್ಟಿಗೆ ಇಳೀತಿದ್ವಿ. ಅದರ ಮೇಲೆ ಎಲ್ಲಿ ಹಾಕ್ತೀಯಪ್ಪ ಪ್ರಿಂಟು?’ ಉತ್ತರವಿರಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಅರಮನೆ ಅಂಗಳದಲ್ಲಿ ವಜ್ರಮುಷ್ಟಿಗೆ ಇಳಿಯುವ ಜೆಟ್ಟಿಗಳಿಗೂ ಅಂಗಿಯ ಗೊಡವೆಯಿಲ್ಲ. ಮೊದಲ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಅಲ್ಲಿ ಗುರುತು ಬೀಳುವುದು ಎದುರಾಳಿಯ ಬೋಳುತಲೆಯ ಮೇಲೆ.

ಕೊನೆಗೆ ಎದೆಯ ಎಡಗಡೆ ಪುಟ್ಟದಾಗಿ ಜಿಮ್ಮಿನ ಹೆಸರು, ಬೆನ್ನಿಗೆ ‘ಮೈಸೂರು’ ಎಂದು ತೀರ್ಮಾನವಾಯಿತು. ಓನರ್‌ಗೆ ಬೆನ್ನ ಮೇಲೆ ಫೋನ್ ನಂಬರು, ‘ಎಸಿ ಇದೆ, ಪಾರ್ಕಿಂಗ್ ಇದೆ, ಲೇಡೀಸ್ ಬ್ಯಾಚ್ ಇದೆ’ ಎಲ್ಲವೂ ಬೇಕಿತ್ತು. ‘ಫೀಸೂ ಕೊಟ್ಟು ನಿಮ್ಮ ಬೋರ್ಡೂ ಹೊರಬೇಕಾ?’ ಎಂದಳು ಸಾಫ್ಟ್‌ವೇರ್ ಹುಡುಗಿ. ಇಡೀ ಕಮಿಟಿಯಲ್ಲಿ ಬಂದ ಬುದ್ಧಿವಂತಿಕೆಯ ಮಾತು ಅದೊಂದೇ. ಊರ ಹೆಸರನ್ನು ಜನ ಎಷ್ಟು ದೊಡ್ಡದಾಗಿದ್ದರೂ ಹೊರುತ್ತಾರೆ, ಅಂಗಡಿ ಹೆಸರನ್ನು ಅಂಗೈಯಷ್ಟಿದ್ದರೆ ಮಾತ್ರ. ಬಟ್ಟೆಯ ವಿಷಯಕ್ಕೂ ಜಗಳವಾಯಿತು. ಹತ್ತಿ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರಿಗೆ ಅರ್ಧವೂ ಬೇಡ. ಹಾಗಾಗಿ ಡ್ರೈ-ಫಿಟ್ ಬೇಗ ಒಣಗುತ್ತದೆ. ಆದರೆ ಮೈಯ ಎಣ್ಣೆಯನ್ನು ಬಿಡದೆ ಹಿಡಿದುಕೊಂಡು, ಒಗೆದ ಮೇಲೂ ನಿನ್ನೆಯ ವ್ಯಾಯಾಮವನ್ನು ನೆನಪಿಸುತ್ತದೆ. ತಿರುಪ್ಪೂರಿನಿಂದ 180 ಜಿಎಸ್ಎಂ ಹತ್ತಿಯದೇ ತರಿಸುವುದೆಂದಾಯಿತು.

ಉಳಿದದ್ದು ಸೈಜು. ಎಸ್, ಎಂ, ಎಲ್ ಎಂದು ಕೇಳಿ ಬರೆದುಕೊಂಡರೆ ಮುಗಿಯುವ ಕೆಲಸ. ಎಂಜಿನಿಯರು ಬಿಡಲಿಲ್ಲ. ‘ಅಂದಾಜಿನ ಮೇಲೆ ಸೇತುವೆ ಕಟ್ತೀರೇನ್ರೀ? ಟೇಪು ತನ್ನಿ.’ ಟೇಪು ನನ್ನ ಕೈಗೆ, ನೋಟ್‌ಬುಕ್ಕು ಓನರನ ಕೈಗೆ. ಮಾದರಿಯಾಗಿ ಮೊದಲು ಅವರೇ ನಿಂತರು. ಎರಡೂ ಕೈ ಎತ್ತಿದರು. ಟೇಪನ್ನು ಕಂಕುಳ ಕೆಳಗಿಂದ ಸುತ್ತಿ ತರುವಷ್ಟರಲ್ಲಿ ಅವರು ಉಸಿರೆಳೆದುಕೊಂಡರು. ಅದು ಸಾಮಾನ್ಯ ಉಸಿರಲ್ಲ. ಹೊಟ್ಟೆ ಇದ್ದ ಜಾಗದಲ್ಲಿ ಇಲ್ಲ, ಇಡಿಯಾಗಿ ಮೇಲಿನ ಮನೆಗೆ ಹೋಗಿದೆ.

‘ಉಸಿರು ಬಿಡಿ ಸಾರ್’ ಎಂದೆ.

ಬಿಟ್ಟಿದ್ದೇನೆ ಎನ್ನುವಂತೆ ತಲೆಯಾಡಿಸಿದರು. ಬಾಯಲ್ಲಿ ಹೇಳುವ ಹಾಗಿರಲಿಲ್ಲ, ಮಾತಾಡಿದರೆ ಗಾಳಿ ಹೋಗುತ್ತದೆ.

‘ಇಲ್ಲ ಸಾರ್, ಬಿಟ್ಟಿಲ್ಲ.’

ಬಿಟ್ಟಿದ್ದೇನೆ ಎಂದು ಈ ಸಲ ಹುಬ್ಬಿನಲ್ಲಿ ಹೇಳಿದರು.

ನಾನು ಕಾದೆ. ಅವರೂ ಕಾದರು. ಓನರ್ ಪೆನ್ನು ಹಿಡಿದು ಕಾದ. ಪಕ್ಕದಲ್ಲಿ ಲ್ಯಾಟ್ ಪುಲ್‌ಡೌನ್ ಮಾಡುತ್ತಿದ್ದವರು ಸರಳನ್ನು ಅರ್ಧಕ್ಕೇ ಹಿಡಿದು ನಿಂತರು. ಟ್ರೆಡ್‌ಮಿಲ್‌ಗಳು ಒಂದೊಂದಾಗಿ ನಿಂತವು. ಎಂಜಿನಿಯರ ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ಚಡ್ಡಿಯ ಜೇಬಿನೊಳಗೆ ಅವರ ಫೋನು ಸುಪ್ರಭಾತ ಹಾಡತೊಡಗಿತು. ಮನೆಯಿಂದ. ಆ ಫೋನನ್ನು ಎರಡನೆಯ ಸಾಲಿನೊಳಗೇ ಎತ್ತದಿದ್ದರೆ ಏನಾಗುತ್ತದೆಂದು ಬಡಾವಣೆಗೆಲ್ಲ ಗೊತ್ತು. ಅವರು ಕೈ ಇಳಿಸಲಿಲ್ಲ, ಕಣ್ಣು ಮಾತ್ರ ಜೇಬಿನ ಕಡೆಗೂ ಟೇಪಿನ ಕಡೆಗೂ ಓಡಾಡಿತು. ಟ್ರೇನರ್‌ಗೆ ಅಭ್ಯಾಸಬಲ, ‘ಲಾಸ್ಟ್ ಟೆನ್ ಸೆಕೆಂಡ್ಸ್ ಸಾರ್, ಬಿಡ್ಬೇಡಿ, ಹೋಲ್ಡ್!’ ಎಂದು ಕೂಗಿ ಎಣಿಸತೊಡಗಿದ. ನಾಲ್ಕಕ್ಕೆ ಬಂದಾಗ ಎಂಜಿನಿಯರು ಸ್ಫೋಟಿಸಿದರು. ಆ ಗಾಳಿಯಲ್ಲೇ ಒಂದು ಮಾತೂ ಬಂತು: ‘ನಲವತ್ನಾಲ್ಕು! ಬರ್ಕೊಳ್ಳಿ!’ ಟೇಪು ನನ್ನ ಕೈಯಲ್ಲಿ ಜೋತುಬಿತ್ತು. ಹೊಟ್ಟೆ ಸ್ವಸ್ಥಾನಕ್ಕೆ ಮರಳಿತು. ಓನರ್ ನಲವತ್ನಾಲ್ಕು ಬರೆದುಕೊಂಡ. ಫೀಸು ಕಟ್ಟುವವರ ಜೊತೆ ಯಾರು ವಾದ ಮಾಡುತ್ತಾರೆ?

ಮುಂದಿನ ಸರದಿ ನನ್ನದು. ನಾನು ಹುಬ್ಬಿನಲ್ಲಿ ಏನು ಹೇಳಿದೆ ಎಂಬುದು ಇಲ್ಲಿ ಬೇಡ.

ಹುಡುಗರದು ಇನ್ನೊಂದು ಲೆಕ್ಕ. ತೋಳು ಕಾಣಬೇಕು ಎಂದು ಒಂದು ಸೈಜು ಕಮ್ಮಿಯೇ ಬರೆಸಿದರು. ಬಟ್ಟೆ ಬಂತು. ಎದೆಯುಬ್ಬಿಸಿದ ಗಂಡಸರಿಗೆಂದು ಹೊಲಿದ ಅಂಗಿಯೊಳಗೆ ಉಸಿರು ಬಿಟ್ಟ ಗಂಡಸರು ಹೊಕ್ಕರು. ಎದೆಯ ಹತ್ತಿರ ಬಟ್ಟೆ ಮಿಕ್ಕಿತು, ಕೆಳಗೆ ಸಾಲದೆ ಹೋಯಿತು. ಎಂಜಿನಿಯರು ಸೈಜು ಬದಲಿಸಲು ಒಪ್ಪಲೇ ಇಲ್ಲ, ತಿರುಪ್ಪೂರಿನವರ ಟೇಪು ಸರಿಯಿಲ್ಲವಂತೆ.

ಆದರೂ ಎಲ್ಲರೂ ತೊಟ್ಟರು. ದೇವರಾಜ ಮಾರ್ಕೆಟ್ಟಿನಲ್ಲಿ, ನಾಮಕರಣಗಳಲ್ಲಿ, ಬ್ಯಾಂಕಿನ ಕ್ಯೂನಲ್ಲಿ. ಜನವರಿಯಲ್ಲಿ ವರ್ಷದ ಫೀಸು ಕಟ್ಟಿ ಫೆಬ್ರವರಿಯಿಂದ ನಾಪತ್ತೆಯಾದವರೆಲ್ಲ ಟೀ-ಶರ್ಟಿಗೆ ಮಾತ್ರ ತಪ್ಪದೆ ಬಂದರು. ತಪ್ಪದೆ ವ್ಯಾಯಾಮ ಮಾಡುವವನಿಗೆ ಅದನ್ನು ಸಾರುವ ಅಂಗಿ ಬೇಕಿಲ್ಲ, ಮಾಡದವನಿಗೇ ಬೇಕು. ಜೊತೆಗೆ ತರಿಸಿದ ಶೇಕರ್ ಬಾಟಲಿಗಳು ನೇರ ಅಡುಗೆಮನೆ ಸೇರಿದವು. ಒಳಗಿನ ತಂತಿಯುಂಡೆ ರಾಗಿ ಅಂಬಲಿಯ ಗಂಟು ಒಡೆಯುವುದರಲ್ಲಿ ಎತ್ತಿದ ಕೈ. ಟವೆಲ್ಲುಗಳು ಸ್ಕೂಟರ್ ಒರೆಸುತ್ತಿವೆ. ನನ್ನ ಅಂಗಿಯ ಅಚ್ಚಿನ ಮೇಲೆ ಇಸ್ತ್ರಿಯವನು ಕಾದ ಪೆಟ್ಟಿಗೆ ಊರಿದ. ‘ಮೈಸೂರು’ ಹೋಗಿ ಪೆಟ್ಟಿಗೆಯ ತಳಕ್ಕೆ ಅಂಟಿತು, ಅಲ್ಲಿಂದ ಯಾರದೋ ಬಿಳಿ ಪಂಚೆಗೆ. ‘ಒಳಮಗ್ಗುಲಾಗಿ ತಿರುಗಿಸಿ ಕೊಡೋದಲ್ವಾ ಸಾರ್’ ಎಂದು ನನಗೇ ಬೈದ.

ಸಾಫ್ಟ್‌ವೇರ್ ಹುಡುಗಿ ಮಾತ್ರ ಒಂದು ದಿನವೂ ಹಾಕಲಿಲ್ಲ. ಅಂಗಿಯ ತೋಳು ಅವಳ ಮೊಣಕೈಗೆ ಬರುತ್ತಿತ್ತು, ಕತ್ತು ಎಲ್ಲೋ ಹೋಗುತ್ತಿತ್ತು. ಹೆಂಗಸರ ಅಳತೆಯ ಕಟಿಂಗ್ ಬೇಕಾದರೆ ಇಷ್ಟು ಡಜನ್ನಾದರೂ ತಗೊಳ್ಳಬೇಕು, ನಿಮ್ಮಲ್ಲಿ ಅಷ್ಟು ಜನ ಇಲ್ಲ ಎಂದಿದ್ದರು ಹೊಲಿಯುವವರು. ಗಂಡಸರ ಚಿಕ್ಕ ಸೈಜೇ ಸಾಕು ಎಂದು ನಾವು ಗಂಡಸರು ಎರಡು ನಿಮಿಷದಲ್ಲಿ ಮುಗಿಸಿದ್ದೆವು. ಗಂಡಭೇರುಂಡಕ್ಕೆ ಎರಡು ಸಭೆ ಆಗಿತ್ತು.

ಇಷ್ಟರ ಮಧ್ಯೆ ನೆಲ ಒರೆಸುವ ಹೆಂಗಸು ಬಂದು, ‘ಸಾರ್, ನಂಗೊಂದು ಇಲ್ವಾ?’ ಎಂದಳು. ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಯಾರೂ ಒಯ್ಯದೆ ಬಿದ್ದಿದ್ದ ಒಂದು ಡಬಲ್ ಎಕ್ಸೆಲ್ ಕೊಟ್ಟೆವು. ಸೀರೆಯ ಮೇಲೆ ತೊಟ್ಟುಕೊಂಡು ಅವಳು ಐದೂವರೆಗೆ ಬರುತ್ತಾಳೆ. ರಾತ್ರಿ ಬ್ಯಾಚಿನ ಶೂರರು ನೆಲದ ಮೇಲೆ ಬಿಸಾಕಿ ಹೋದ ಇಪ್ಪತ್ತು ಕೆಜಿ ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ಸ್ಟ್ಯಾಂಡಿಗೆ ಸೇರಿಸುತ್ತಾಳೆ. ನಾವು ಎತ್ತುವುದಕ್ಕೆ ದುಡ್ಡು ಕೊಡುತ್ತೇವೆ, ಅವಳಿಗೆ ಕೊಡುವುದು ಒರೆಸುವುದಕ್ಕೆ ಮಾತ್ರ. ಆ ಅಂಗಿಯ ಮೇಲೆ ಜಿಮ್ಮಿನೊಳಗೆ ಬೆವರು ಬಿದ್ದಿದ್ದರೆ ಅದು ಅವಳದೇ. ಬ್ರ್ಯಾಂಡಿಗೆಂದು ಅಷ್ಟು ಖರ್ಚು ಮಾಡಿದ ಕಮಿಟಿಯಲ್ಲಿ ಅವಳ ಸಂಬಳದ ಮಾತು ಬರಲಿಲ್ಲ. ನಾನೂ ಎತ್ತಲಿಲ್ಲ.

ಅವಳು ಸಂಬಳ ಕೇಳಲಿಲ್ಲ. ತಕರಾರು ಬೇರೆ ಇತ್ತು. ‘ಬಟ್ಟೆ ಚೆನ್ನಾಗದೆ ಸಾರ್, ಜೇಬೇ ಇಲ್ವಲ್ಲ. ಬಸ್ಸಲ್ಲಿ ಫ್ರೀ ಟಿಕೆಟ್‌ಗೆ ಆಧಾರ್ ಕಾರ್ಡ್ ತೋರಿಸ್ಬೇಕು, ಎಲ್ಲಿಟ್ಕೊಳ್ಳದು? ಮುಂದಿನ್ ಸಲ ಜೇಬು ಇಡ್ಸಿ.’ ಇದನ್ನು ಕೇಳಿದ್ದೇ ಎಂಜಿನಿಯರು ತಮ್ಮ ಕನ್ನಡಕಕ್ಕೂ ಜೇಬು ಬೇಕೆಂದರು, ಟ್ರೇನರ್ ವಿಸಿಲ್ಲಿಗೆ ಬೇಕೆಂದ. ಓನರ್ ಮುಖ ಸಣ್ಣದಾಯಿತು. ಜೇಬು ಬರುವ ಜಾಗದಲ್ಲೇ ಲೋಗೋ ಇದೆ. ಹೊಸ ಆರ್ಡರಿನ ಸಭೆಯಲ್ಲಿ ಈಗ ಅದೇ ಚರ್ಚೆ. ನನ್ನ ಓಟು ಜೇಬಿಗೆ. ಲೋಗೋ ಬೇಕೇಬೇಕಾದರೆ ಅಂಗಿಯ ಒಳಗಡೆ ಹಾಕಿಸಿಕೊಳ್ಳಲಿ, ಇಸ್ತ್ರಿಯವನಿಗೂ ತಿರುಗಿಸುವ ತಾಪತ್ರಯ ತಪ್ಪುತ್ತದೆ.